ಗೆದ್ದಾಗ ನಾವು, ಸೋತಾಗ ಅವರು

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಜೈನಾಪುರದ ಮನೆಯಲ್ಲಿ ಕೂತು ಸುದ್ದಿ ಓದಿದ ನಾನು ಗೆಳೆಯನಿಗೆ ‘ನಾವು ಗೆದ್ದೆವು’ ಎಂದು ಮೆಸೇಜು ಕಳಿಸಿದೆ. ತಕ್ಷಣ ಉತ್ತರ ಬಂತು: ‘ನೀ ಯಾವಾಗ ಆಡಿದಿಪಾ?’

ತಮಾಷೆಗೆ ಕೇಳಿದ್ದ. ಆದರೆ ನನಗೆ ಹಳೆಯದೊಂದು ನೆನಪಾಯಿತು. ನಾನು ಪದವಿ ಓದುವಾಗ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಒಂದು ವರ್ಷ ಕಪ್ ಗೆದ್ದಿತ್ತು. ಚೆಂಡು ಮುಟ್ಟದ ನಾನೂ ಮೆರವಣಿಗೆಯಲ್ಲಿ ‘ನಾವು ಗೆದ್ದೆವು’ ಎಂದು ಕೂಗಿದ್ದೆ. ಮರುವರ್ಷ ಅದೇ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಆ ರಾತ್ರಿ ಹಾಸ್ಟೆಲ್‌ನಲ್ಲಿ ಗೋಲ್‌ಕೀಪರ್ ಒಬ್ಬನೇ ಊಟಕ್ಕೆ ಕೂತಿದ್ದ. ‘ನಿಮ್ಮ ಮ್ಯಾಚ್ ಹೋತಂತಲ್ಲೋ’ ಎಂದೆ. ಅವನು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ರೊಟ್ಟಿ ಮುರಿಯತೊಡಗಿದ. ಒಂದೇ ವರ್ಷದಲ್ಲಿ ‘ನಮ್ಮ’ ತಂಡ ‘ನಿಮ್ಮ’ದಾಗಿತ್ತು.

ಇದು ನನ್ನೊಬ್ಬನ ರೋಗವಲ್ಲ. ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ತಂಡ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗೆದ್ದರೆ, ಮುಂದಿನ ಸೋಮವಾರ ಅದರ ಹೆಸರು, ಲಾಂಛನವಿರುವ ಉಡುಪು ತೊಟ್ಟವರು ಹೆಚ್ಚು. ಫಲಿತಾಂಶ ವಿವರಿಸುವಾಗಲೂ ಗೆಲುವಿಗೆ ‘ನಾವು’ ಎಂಬ ಮಾತು ಸೋಲಿಗಿಂತ ಹೆಚ್ಚು ಬರುತ್ತಿತ್ತು.

ಹಾಗಾದರೆ ಆಡದವನು ‘ನಾವು’ ಎನ್ನಲೇಬಾರದೇ? ಅದೂ ಸರಿಯೆನಿಸುವುದಿಲ್ಲ. ರಿಯಾದ್ ಗೆಲುವಿನ ದಿನ ಎಲ್ಲರೂ ‘54 ವರ್ಷಗಳ ಬಳಿಕ ಮತ್ತೆ’ ಎಂದರು. 1968-69ರಲ್ಲಿ ಗೆದ್ದ ತಂಡದ ಹೆಸರು ಮೈಸೂರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಇನ್ನೂ ಹಿಂದೆ, 1946-47 ಮತ್ತು 1952-53ರಲ್ಲಿ ಮೈಸೂರು ಗೆದ್ದಾಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿಗೆ ಸೇರಿತ್ತು. ಆಟಗಾರರು ಬೇರೆ, ಹೆಸರು ಬೇರೆ, ಗಡಿಯೂ ಬೇರೆ. ಆದರೂ ಆ ಗೆಲುವುಗಳನ್ನು ನಮ್ಮವೆಂದೇ ಎಣಿಸುತ್ತೇವೆ.

ಅಂದರೆ ‘ನಾವು’ ಮೊದಲೇ ಇದ್ದದ್ದಲ್ಲ, ಒಪ್ಪಿ ತೆಗೆದುಕೊಂಡದ್ದು. ಭಾಷೆ, ಊರು, ಕಾಲೇಜು ಎಲ್ಲವೂ ಹೀಗೆಯೇ ನಮ್ಮವಾಗುತ್ತವೆ. ಹೀಗೆ ತೆಗೆದುಕೊಂಡದ್ದಕ್ಕೆ ಒಂದು ಷರತ್ತೂ ಇದೆ. ಅಪ್ಪನ ಹೊಲ ಬೇಕು, ಅದರ ಮೇಲಿನ ಸಾಲ ಬೇಡ ಎನ್ನಲು ಬರುವುದಿಲ್ಲ. ಪೂರ್ವಿಕರ ಹಿರಿಮೆಗೆ ಎದೆಯುಬ್ಬಿಸುವವನು ಅವರು ಮಾಡಿದ ಅನ್ಯಾಯದ ಮಾತು ಬಂದಾಗ ‘ಅದು ಅವರ ಕಾಲದ್ದು’ ಎಂದು ಜಾರಿಕೊಳ್ಳುವಂತಿಲ್ಲ. ಗೆಲುವಿನಲ್ಲಿ ಪಾಲು ಕೇಳುವವನಿಗೆ ಸೋಲಿನಲ್ಲೂ ಪಾಲುಂಟು.

ಗೆಳೆಯನ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ. ಕರ್ನಾಟಕ ಬರಿಗೈಲಿ ಮರಳಿದ ಯಾವ ವರ್ಷವೂ ನಾನು ‘ನಾವು ಸೋತೆವು’ ಎಂದವನಲ್ಲ. ಅವತ್ತು ಹಾಸ್ಟೆಲ್‌ನಲ್ಲಿ ಗೋಲ್‌ಕೀಪರನ ಪಕ್ಕ ತಟ್ಟೆ ಹಿಡಿದು ಕೂತು ಆ ಎರಡು ಪದ ಹೇಳಿದ್ದರೆ, ಹಿಂದಿನ ವರ್ಷದ ಮೆರವಣಿಗೆ ನನ್ನದೂ ಆಗಿರುತ್ತಿತ್ತು.