ಹಾರ್ಡ್ ಡಿಸ್ಕಿನಲ್ಲಿ ಅಪರಿಗ್ರಹ

ಗೂಗಲ್ ಫೋಟೋಸ್‌ನ ಚಿತ್ರಗಳನ್ನೂ ಜಿಮೇಲ್‌ನ ಪತ್ರಗಳನ್ನೂ ಟೇಕ್‌ಔಟ್ ಎಂಬ ಗೂಗಲ್ ಸೇವೆಯ ಮೂಲಕ ಸ್ವಂತ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಅಪರಿಗ್ರಹಕ್ಕೆ, ಅಂದರೆ ಕೂಡಿಡದಿರುವ ವ್ರತಕ್ಕೆ, ಒಪ್ಪುವ ಕೆಲಸವೇ? ಮೇಲ್ನೋಟಕ್ಕೆ ಅಲ್ಲ, ಒಂದು ಪ್ರತಿ ಇದ್ದದ್ದು ಎರಡಾಗುತ್ತದೆ. ಆದರೆ ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುಗಳ ಲೆಕ್ಕದಿಂದ ಅಳೆಯುವುದಿಲ್ಲ. ವಸ್ತುವಿನ ಬಗೆಗಿನ ಮೂರ್ಛೆಯೇ, ಅಂದರೆ ಮೋಹವೇ, ಪರಿಗ್ರಹ ಎನ್ನುತ್ತದೆ. ಆ ಅಳತೆಯಲ್ಲಿ ನೋಡಿದರೆ ಎಲ್ಲವನ್ನೂ ಕ್ಲೌಡ್‌ನಲ್ಲೇ ಬಿಟ್ಟು ಮರೆತವರದೇ ದೊಡ್ಡ ಪರಿಗ್ರಹ. 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಎಷ್ಟಾದರೂ ಉಚಿತವಾಗಿ ತುಂಬಬಹುದಿತ್ತು. ಒಂದೇ ತೇರಿನ ನಲವತ್ತು ಚಿತ್ರ, ಕರೆಂಟ್ ಬಿಲ್ಲಿನ ಸ್ಕ್ರೀನ್‌ಶಾಟ್, ಯಾರೋ ಕಳಿಸಿದ ಶುಭೋದಯ, ಎಲ್ಲಕ್ಕೂ ಜಾಗವಿತ್ತು. ಈಗ 15 ಜಿಬಿ ತುಂಬಿದರೆ ತಿಂಗಳಿಗಿಷ್ಟು ಅಂತ ಕಟ್ಟಿದರಾಯಿತು. ಜೈನ ಗೃಹಸ್ಥರ ಅಣುವ್ರತಗಳಲ್ಲಿ ಪರಿಗ್ರಹಪರಿಮಾಣ ಒಂದು: ಇಷ್ಟೇ ಸಾಕೆಂದು ತನಗೆ ತಾನೇ ಗೆರೆ ಎಳೆದುಕೊಳ್ಳುವುದು. ಇಲ್ಲಿ ಗೆರೆ ಎಳೆಯುವುದು ಕಂಪನಿ, ಅದನ್ನು ಮುಂದಕ್ಕೆ ಸರಿಸುವುದು ನಮ್ಮ ಕಾರ್ಡು.

ಇಳಿಸಿಕೊಂಡವರಿಗೆ ಈ ಆರಾಮವಿಲ್ಲ. ಚಿತ್ರಗಳು ಹಲವು ಜಿಪ್ ಫೈಲುಗಳಾಗಿ ಒಡೆದು ಬರುತ್ತವೆ, ಚಿತ್ರದ ವಿವರಗಳು ಪಕ್ಕದ ಜೇಸನ್ ಫೈಲಿನಲ್ಲಿ ಬೇರೆಯಾಗಿ ಕೂತಿರುತ್ತವೆ. ವರ್ಷಗಳ ಪತ್ರಗಳೆಲ್ಲ ಎಂಬಾಕ್ಸ್ ಎಂಬ ಭಾರೀ ಕಡತವಾಗಿ ಬಂದು ಬೀಳುತ್ತವೆ. ಬೇಸರದ ಕೆಲಸ, ನಿಜ. ಆದರೆ ಬೇಕು ಬೇಡಗಳನ್ನು ಒಂದೊಂದಾಗಿ ಕೇಳಿಕೊಳ್ಳಲೇಬೇಕಾದ ಜಾಗವೂ ಇದೇ.

ನಿಜವಾದ ವಿರಕ್ತರು ಇಷ್ಟೆಲ್ಲ ಏಕೆ ಮಾಡಬೇಕು, ಸುಮ್ಮನೆ ಬಿಟ್ಟರೆ ಸಾಲದೆ ಎಂದು ಕೇಳಬಹುದು. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಲೂಬಹುದು. ಆದರೆ ಮರೆವು ತ್ಯಾಗವಾಗುವುದಿಲ್ಲ. ಏನನ್ನು ಬಿಡುತ್ತಿದ್ದೇನೆಂದು ತಿಳಿಯದವರು ಏನನ್ನೂ ಬಿಟ್ಟಿರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕ್ಲೌಡ್‌ನಿಂದ ಬೀರುವಿಗೆ ಬಂದರೆ ಮೂರ್ಛೆಯ ವಿಳಾಸ ಬದಲಾಯಿತೇ ಹೊರತು ಮತ್ತೇನಾಯಿತು? ಈ ಮಾತನ್ನು ಒಪ್ಪಲೇಬೇಕು; ಇಳಿಸಿ ಇಟ್ಟುಕೊಂಡರಷ್ಟೇ ಸಾಲದು, ಹಂಚಲೂ ಬೇಕು. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ ಎಂಬ ಜೈನ ಸಿದ್ಧಾಂತಗ್ರಂಥದ ತಾಡವೋಲೆಗಳು ಬಹುಕಾಲ ದರ್ಶನಕ್ಕಷ್ಟೇ ಇದ್ದವು. ಕಾದವರ ಋಣ ಸಣ್ಣದಲ್ಲ; ಅವರಿಲ್ಲದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಆದರೂ ಅದು ಓದುಗರಿಗೆ ದಕ್ಕಿದ್ದು 19ನೇ ಶತಮಾನದ ಕೊನೆಯಿಂದ ಪ್ರತಿ ಮಾಡತೊಡಗಿದ ಮೇಲೆ, 1939ರಿಂದ ಅಚ್ಚಾಗತೊಡಗಿದ ಮೇಲೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿ ಎಂದಿತು. ಸಾವಿರ ಪ್ರತಿ ಕೂಡಿಟ್ಟವಳು ಎಂದು ಯಾರೂ ಆಕ್ಷೇಪಿಸಲಿಲ್ಲ. ಪ್ರತಿ ಎಷ್ಟು ಎಂಬುದಕ್ಕಿಂತ ಅದು ಯಾರ ಕೈ ಸೇರುತ್ತದೆ ಎಂಬುದು ಮುಖ್ಯ. ಮದುವೆಯ ಫೋಟೊಗಳನ್ನು ವರ್ಷ, ಊರು, ಹೆಸರು ಹಚ್ಚಿ ಜೋಡಿಸಿ ಅಣ್ಣತಮ್ಮಂದಿರ ಮಕ್ಕಳಿಗೆ ಒಂದೊಂದು ಪ್ರತಿ ಕೊಟ್ಟರೆ ಆ ಡಿಸ್ಕು ಗ್ರಂಥಭಂಡಾರವೇ ಆಗುತ್ತದೆ.

ಇಮೇಲ್‌ಗೆ ಮಾತ್ರ ಈ ಹಂಚುವ ಸೂತ್ರ ಪೂರ್ತಿ ಹೊಂದುವುದಿಲ್ಲ. ಅಲ್ಲಿರುವ ಅರ್ಧ ಮಾತು ಬೇರೆಯವರದು. ಗೆಳೆಯನೊಬ್ಬ ಸಂಕಟದಲ್ಲಿ ಬರೆದದ್ದನ್ನು ದಾನ ಮಾಡುವ ಹಕ್ಕು ನಮಗಿಲ್ಲ. ನಾವು ಹೋದ ಮೇಲೆ ಡಿಸ್ಕು ತೆರೆಯುವವರ ಕಣ್ಣಿಗೆ ಬೀಳುವಂತೆ ಇಡುವ ಹಕ್ಕೂ ಇಲ್ಲ. ಅಂಥ ಪತ್ರಗಳನ್ನು ಇನ್ನೊಮ್ಮೆ ಓದಿ, ಡಿಸ್ಕಿನಿಂದಲೂ ಕ್ಲೌಡ್‌ನಿಂದಲೂ ನಾವೇ ಅಳಿಸಬೇಕು.