ಸುಮ್ಮನೆ ನಡೆಯುವುದನ್ನು ಕಲಿಯೋಣ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಈ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ ನೆನಪಾಗುವುದು ರೈಲು, ವಿಮಾನ, ರಜೆ, ಖರ್ಚು. ಇರುವ ಊರನ್ನೇ ಸುತ್ತಬಹುದೆಂದು ಹೊಳೆಯುವುದಿಲ್ಲ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದವರು ಕೂಡ ಮನೆ, ಕಚೇರಿ, ಮಕ್ಕಳ ಶಾಲೆ, ಒಂದು ಮಾಲ್, ಇಷ್ಟನ್ನೇ ಬೆಂಗಳೂರು ಎಂದುಕೊಂಡಿರುತ್ತಾರೆ. ಹಾಗಾಗಿ ಇದನ್ನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ: ತಿಂಗಳಿಗೊಂದು ದಿನ, ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಬೆಳಗಿನಿಂದ ಸಂಜೆಯವರೆಗೆ ಊರೊಳಗೆ ನಡೆ.

ಕೇಳುವುದಕ್ಕೆ ಸುಲಭ. ಹೊರಟರೆ ಮನಸ್ಸು ತಕರಾರು ತೆಗೆಯುತ್ತದೆ. ಎಲ್ಲಿಗೆ? ಯಾಕೆ? ಇದರಿಂದ ಏನು ಬಂತು? ಸ್ವಲ್ಪ ಹೊತ್ತಿಗೆ ಕೈ ಮೊಬೈಲಿಗೆ ಹೋಗುತ್ತದೆ, ಎಷ್ಟು ಹೆಜ್ಜೆಯಾಯಿತು ಎಂದು ನೋಡುವ ಆಸೆ. ಹೆಜ್ಜೆಯ ಲೆಕ್ಕ ಶುರುವಾದರೆ ಅದೂ ಇನ್ನೊಂದು ಕಚೇರಿ ಕೆಲಸವೇ. ಈ ಚಟ ನನ್ನನ್ನು ಈಗಲೂ ಕಾಡುತ್ತದೆ.

ನಸುಕಿನಲ್ಲೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ. ಸೇವಂತಿಗೆ, ಕನಕಾಂಬರದ ರಾಶಿಗಳ ನಡುವೆ ವ್ಯಾಪಾರದ ಗದ್ದಲ ಕೇಳಿ. ಅಲ್ಲಿಂದ ಅವೆನ್ಯೂ ರಸ್ತೆ ಹಿಡಿಯಿರಿ. ಹಳಬರ ದೊಡ್ಡಪೇಟೆ ಇದೇ. ಇದು ಚಿಕ್ಕಪೇಟೆಯನ್ನು ಕೂಡುವ ಚೌಕದಿಂದಲೇ, 1537ರಲ್ಲಿ, ಕೆಂಪೇಗೌಡರು ನಾಲ್ಕು ದಿಕ್ಕಿಗೂ ನೇಗಿಲು ಹೂಡಿದ ಎತ್ತುಗಳನ್ನು ಬಿಟ್ಟು ಬೀದಿಗಳನ್ನು ಗುರುತಿಸಿದರೆಂದು ಹೇಳಿಕೆ. ಆ ಚೌಕದಲ್ಲಿ ಒಂದು ಗಳಿಗೆ ನಿಲ್ಲಿ. ಮೂಟೆ ಹೊತ್ತವರು ಹಿಂದಿನಿಂದ ದಾರಿ ಕೇಳುತ್ತಾರೆ. ಬಿಟ್ಟು, ಮತ್ತೆ ನಿಲ್ಲಿ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ: ಯಾರು ಏನು ದುಡಿದು, ಏನು ಮಾರಿ ಈ ಊರು ಬೆಳೆಸಿದರೆಂದು ಆ ಹೆಸರುಗಳೇ ಹೇಳುತ್ತವೆ.

ಈ ಊರಿಗೆ ನಡಿಗೆ ಹೊಸದೂ ಅಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಅರಿಶಿನ ಬಣ್ಣದ ಸೀರೆಯುಟ್ಟ ಅರ್ಚಕರು ಮಲ್ಲಿಗೆ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತಿರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು, ಗೋವಿಂದ ಗೋವಿಂದ ಎನ್ನುವ ಜನ. ಹಳೆಯ ಪೇಟೆಗಳ ಬೀದಿ ಬೀದಿ ತಿರುಗಿ, ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾದ ಮೇಲೆ ಹೊರಟ ಗುಡಿಗೇ ಮರಳುತ್ತಾರೆ. ಅಷ್ಟು ಹೊತ್ತು ನಡೆದು ತಲುಪಿದ್ದು ಎಲ್ಲಿಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹತ್ತಿರದ ದಾರಿಯನ್ನೂ ಯಾರೂ ಹುಡುಕುವುದಿಲ್ಲ. ಬಾಗಿಲಲ್ಲಿ ಕಾದು ನಿಂತವರ ಬೀದಿಗೆ ಸಲ್ಲಬೇಕಾದ ಹೊತ್ತು ಸಲ್ಲುತ್ತದೆ. ನಮಗೆ ಆ ವ್ರತವಿಲ್ಲ, ಆ ಭಾರವೂ ಇಲ್ಲ. ಆ ನಿಧಾನವನ್ನಾದರೂ ಕಲಿಯಬಾರದೇ? ಒಂದು ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಲ್ಲಲಾಗದೆ ಹಾರ್ನ್ ಒತ್ತುವವರು ನಾವು!

ಮ್ಯಾಪ್ ತೆರೆಯಬೇಡಿ. ದಾರಿ ತಪ್ಪಿದರೆ ಹೂ ಕಟ್ಟುತ್ತಾ ಕೂತ ಅಮ್ಮನನ್ನು ಕೇಳಿ. ಹಸಿವಾದ ಕಡೆ ತಿನ್ನಿ, ಹೆಸರುವಾಸಿ ಹೋಟೆಲೇ ಬೇಕೆಂಬ ಹಟ ಬೇಡ. ನೀರು ಜೊತೆಗಿರಲಿ. ಕಲ್ಲು ಎದ್ದ ಫುಟ್‌ಪಾತ್ ನೋಡಿಕೊಂಡು ಹೆಜ್ಜೆ ಇಡಿ. ದಣಿವಾದರೆ ಕೂತುಬಿಡಿ, ಲಾಲ್‌ಬಾಗಿನ ಬಂಡೆಯಂಥ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ವ್ಯರ್ಥವಾಯಿತೆಂದು ಕೊರಗುವುದೆಂಥದು!

ವಾಹನದಲ್ಲಿ ಕೂತವರಿಗೆ ನೆಲ ತಿಳಿಯುವುದಿಲ್ಲ. ನಡೆಯುವವರ ಮೊಣಕಾಲಿಗೆ ಏರು ಯಾವುದು, ತಗ್ಗು ಯಾವುದು ಗೊತ್ತಾಗುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಿದ್ದ ಜಾಗದಲ್ಲಿ. ಇದನ್ನು ಓದಿ ತಿಳಿಯುವುದು ಬೇರೆ, ಆ ತಗ್ಗಿಗೆ ಇಳಿದು ನಿಂತು ತಿಳಿಯುವುದು ಬೇರೆ. ಹಾಗೆ ತಿಳಿದವರಿಗೆ ಊರಿನ ಉಳಿದ ಕೆರೆಗಳ ಮೇಲೆ ಕಾಳಜಿ ಹುಟ್ಟೀತು ಎಂಬುದು ನನ್ನ ನಂಬಿಕೆ.

ಭಾನುವಾರ ನೋಡೋಣ ಎಂದು ಮುಂದೂಡಬೇಡಿ. ಪೇಟೆಯ ಸಗಟು ಅಂಗಡಿಗಳು ಅಂದು ಹೆಚ್ಚಾಗಿ ಮುಚ್ಚಿರುತ್ತವೆ. ಕೆಲಸದ ದಿನವೇ ಒಂದು ರಜೆ ಹಾಕಿ, ಗಾಡಿಯ ಕೀ ಮನೆಯಲ್ಲೇ ಬಿಟ್ಟು ಹೊರಡಿ.