ಅಳದ ಮಗುವಿನ ನೋವಿಗೆ ಸಾಕ್ಷಿ ಯಾರು?

ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎಂದು ನಾವು ಹೇಳುತ್ತೇವೆ. ಬೇಕಾದವರು ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಸಿಗದು ಎಂಬುದು ಈ ಮಾತಿನ ಇಂಗಿತ. ಆಸ್ಪತ್ರೆಯೂ ಬಹುಮಟ್ಟಿಗೆ ಇದೇ ನಂಬಿಕೆಯ ಮೇಲೆ ನಡೆಯುತ್ತದೆ. 'ಎಲ್ಲಿ ನೋವು? ಯಾವಾಗಿಂದ?' ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಅಲ್ಲಿ ಕೆಲಸ ಮುಂದೆ ಸಾಗುವುದು. ಆದರೆ ಮಂಚದ ಮೇಲಿರುವುದು ಮಾತು ಬಾರದ ಮಗುವಾಗಿದ್ದರೆ? ನೋವಾದಾಗ ಅಳುವ ಬದಲು ನಗುವ, ಇಲ್ಲವೇ ಒಮ್ಮೆಗೇ ಸುಮ್ಮನಾಗಿಬಿಡುವ ಮಗುವಾಗಿದ್ದರೆ? ಅದರ ನೋವಿಗೆ ಸಾಕ್ಷಿ ಹೇಳುವವರು ಯಾರು? ಆ ಸಾಕ್ಷಿಯನ್ನು ನಂಬುವ ಹೊಣೆ ಯಾರದು?

ಆಟಿಸಂ ಇರುವ ಏಳು ವರ್ಷದ ಹುಡುಗನನ್ನು ತಾಯಿ ಕರೆತಂದಿದ್ದಾಳೆ ಎಂದುಕೊಳ್ಳೋಣ. 'ಡಾಕ್ಟ್ರೇ, ಎರಡು ದಿನದಿಂದ ತಲೆನ ಗೋಡೆಗೆ ಬಡ್ಕೊಳ್ತಾನೆ. ಯಾವತ್ತೂ ಹೀಗೆ ಮಾಡ್ದೋನಲ್ಲ' ಎನ್ನುತ್ತಾಳೆ. 'ಇಂಥ ಮಕ್ಕಳು ಹಾಗೇನೇ ಅಮ್ಮ' ಎಂಬ ಉತ್ತರ ಬರುತ್ತದೆ. ಹಾಗೆ ಹೇಳಿದವರು ಕೆಟ್ಟವರೇನಲ್ಲ. ಬಹುಶಃ ಸಮಾಧಾನಕ್ಕೆಂದೇ ಹೇಳಿರುತ್ತಾರೆ. ಆದರೆ ಆ ಒಂದು ಮಾತಿನ ಹಿಂದೆ ಕಿವಿಯ ಸೋಂಕೋ ಹುಳುಕು ಹಲ್ಲಿನ ನೋವೋ ಅಡಗಿ ಉಳಿದುಬಿಡಬಹುದು. 1982ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಸ್ಟೀವನ್ ರೈಸ್ ಮತ್ತು ಸಂಗಡಿಗರು, ಬೌದ್ಧಿಕ ವೈಕಲ್ಯ ಇರುವವರ ಮಾನಸಿಕ ತೊಂದರೆಗಳು ಹೀಗೆ ವೈಕಲ್ಯದ ನೆರಳಿನಲ್ಲಿ ಮರೆಯಾಗುವುದನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಇಂದು ದೇಹದ ಕಾಯಿಲೆಗಳ ವಿಷಯದಲ್ಲೂ ಅದೇ ಹೆಸರು ಬಳಕೆಯಲ್ಲಿದೆ.

ಇದು ಬರೀ ವೈದ್ಯಕೀಯ ತಪ್ಪಲ್ಲ, ನೈತಿಕ ಪ್ರಶ್ನೆಯೂ ಹೌದು. ಪೂರ್ವಗ್ರಹದಿಂದಾಗಿ ಒಬ್ಬರ ಮಾತಿಗೆ ಸಲ್ಲಬೇಕಾದ ನಂಬಿಕೆ ಸಲ್ಲದೇ ಹೋಗುವುದೂ ಒಂದು ಬಗೆಯ ಅನ್ಯಾಯ ಎಂದು ಬ್ರಿಟನ್ನಿನ ತತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮೇಲಿನ ಹುಡುಗನ ವಿಷಯದಲ್ಲಿ ಈ ಅನ್ಯಾಯ ಎರಡು ಸಲ ನಡೆಯುತ್ತದೆ. ಮಾತಿಲ್ಲ ಎಂಬ ಕಾರಣಕ್ಕೆ ಮಗು ಸಾಕ್ಷಿಯಾಗುವುದಿಲ್ಲ. ಮಮತೆ ಹೆಚ್ಚು, ಗಾಬರಿ ಹೆಚ್ಚು ಎಂಬ ಕಾರಣಕ್ಕೆ ತಾಯಿಯೂ ಸಾಕ್ಷಿಯಾಗುವುದಿಲ್ಲ.

ವೈದ್ಯಶಾಸ್ತ್ರ ಈ ಪಾಠವನ್ನು ನಿಧಾನವಾಗಿ ಕಲಿತಿದೆ. ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂಬ ನಂಬಿಕೆ 1980ರ ದಶಕದಲ್ಲೂ ಉಳಿದಿತ್ತು. ಸಾಕಷ್ಟು ನೋವು ನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದೂ ಉಂಟು. 1987ರಲ್ಲಿ ಕೆ. ಜೆ. ಎಸ್. ಆನಂದ್ ಎಂಬ ವೈದ್ಯರು ಸಂಗಡಿಗರೊಂದಿಗೆ ಪ್ರಕಟಿಸಿದ ಸಂಶೋಧನೆ ಆ ನಂಬಿಕೆಯನ್ನು ಅಲುಗಾಡಿಸಿತು. ಮುಖ, ಕಾಲು, ಚಲನೆ, ಅಳು, ಸಂತೈಸಿದರೆ ಸುಮ್ಮನಾಗುವುದೇ ಎಂಬ ಐದು ಅಂಶಗಳನ್ನು ನೋಡಿ ಮಗುವಿನ ನೋವನ್ನು ಅಂದಾಜಿಸುವ 'ಫ್ಲ್ಯಾಕ್' ಎಂಬ ಅಳತೆಗೋಲು 1997ರಲ್ಲಿ ಬಂತು. 2006ರಲ್ಲಿ ಅದನ್ನು ಬೌದ್ಧಿಕ ವೈಕಲ್ಯ ಇರುವ ಮಕ್ಕಳಿಗಾಗಿ ಪರಿಷ್ಕರಿಸಿದಾಗ, 'ನಮ್ಮ ಮಗು ನೋವಾದಾಗ ಹೀಗೆ ಮಾಡುತ್ತದೆ' ಎಂದು ಹೆತ್ತವರು ಹೇಳುವುದನ್ನೂ ಬರೆದುಕೊಳ್ಳಲು ಜಾಗ ಮಾಡಲಾಯಿತು. ಸಣ್ಣ ಬದಲಾವಣೆಯಂತೆ ಕಂಡರೂ, ಅಲ್ಲಿಯವರೆಗೆ ಬರೀ ಮಮತೆ ಎನಿಸಿಕೊಂಡಿದ್ದು ಇಲ್ಲಿ ಜ್ಞಾನ ಎನಿಸಿಕೊಂಡಿತು.

ಇದಕ್ಕೆ ಆಕ್ಷೇಪವೂ ಇದೆ. ತಾಯಿಯ ಊಹೆ ತಪ್ಪಿರಬಹುದು. ಹೊರಗೆ ಸಾಲು ಬೆಳೆಯುತ್ತಿರುವಾಗ ಡಾಕ್ಟರು ಎಷ್ಟೆಂದು ಕೇಳಿಯಾರು? ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವೂ ಉಂಟು: ತಾಯಿಯ ಮಾತೇ ಕೊನೆ ಎಂದಾದರೆ ಮಗುವಿನ ದನಿ ಏನಾಗಬೇಕು? ಗಾಲಿಕುರ್ಚಿಯಲ್ಲಿ ಕುಳಿತ, ಚೆನ್ನಾಗಿ ಮಾತಾಡಬಲ್ಲ ಹನ್ನೆರಡು ವರ್ಷದ ಹುಡುಗಿಯ ಹೆಸರನ್ನೂ ಪಕ್ಕದಲ್ಲಿ ನಿಂತ ಅಪ್ಪನನ್ನೇ ಕೇಳುತ್ತಾರಲ್ಲ! ಹಾಗಾಗಿ ನಂಬುವುದೆಂದರೆ ಹೇಳಿದ್ದನ್ನೆಲ್ಲ ಒಪ್ಪುವುದಲ್ಲ. ಹೇಳಿದ್ದನ್ನು ಪರೀಕ್ಷಿಸಿ ನೋಡುವ ಹೊಣೆ ತನ್ನ ಮೇಲಿದೆ ಎಂದುಕೊಳ್ಳುವುದು. ಮೊದಲು ಮಗುವನ್ನೇ ಮಾತಾಡಿಸಿ, ಆಮೇಲೆ ತಾಯಿಯನ್ನು ಕೇಳಿ, ಕಿವಿಯೊಳಗೆ ಒಮ್ಮೆ ಬೆಳಕು ಹಾಯಿಸುವುದಕ್ಕೆ ಹಿಡಿಯುವುದು ಕೆಲವೇ ನಿಮಿಷ.

ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ವೈದ್ಯರ, ದಾದಿಯರ ಓದಿನಲ್ಲಿ ವೈಕಲ್ಯದ ವಿಷಯ ಸೇರಬೇಕೆಂದು ಅದರ 47ನೇ ಕಲಂ ಹೇಳುತ್ತದೆ. ಆದರೆ ಆ 21 ಹೆಸರುಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಎದುರಿಗಿರುವ ಒಂದು ಮಗು ಅರ್ಥವಾಗುವುದಿಲ್ಲ. ಇವನು ಚೆನ್ನಾಗಿದ್ದಾಗ ಹೇಗಿರುತ್ತಾನೆ? ನೋವಾದಾಗ ಏನು ಮಾಡುತ್ತಾನೆ? ಯಾವುದಕ್ಕೆ ಹೆದರುತ್ತಾನೆ? ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತರೆ ಅರ್ಧ ತರಬೇತಿ ಮುಗಿದಂತೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇಂಥ ಉತ್ತರಗಳನ್ನು ಕೆಲವು ಹಾಳೆಗಳಲ್ಲಿ ಬರೆದಿಟ್ಟು 'ಆಸ್ಪತ್ರೆ ಪಾಸ್‌ಪೋರ್ಟ್' ಎನ್ನುತ್ತಾರೆ. ನಮ್ಮಲ್ಲಿ ಒಂದು ನೋಟ್‌ಪುಸ್ತಕದ ಹಾಳೆ ಸಾಕು. ಅದನ್ನು ಡಾಕ್ಟರಷ್ಟೇ ಅಲ್ಲ, ಸೂಜಿ ಚುಚ್ಚುವ ಸಿಸ್ಟರು, ಎಕ್ಸ್‌ರೇ ಕೋಣೆಯವರು, ಬಾಗಿಲಲ್ಲಿ ಗದರುವ ಕಾವಲುಗಾರ ಎಲ್ಲರೂ ಓದಬೇಕು.

ಇಂಥ ಮಕ್ಕಳನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು 'ಪಾಪ'. ಅದರಲ್ಲಿ ಕನಿಕರವಿದೆ, ಸುಳ್ಳಲ್ಲ. ಆದರೆ 'ಪಾಪ' ಎಂದವರು ಮುಂದೆ ಏನನ್ನೂ ಕೇಳಬೇಕಾಗಿಲ್ಲ. 'ದಿನಾ ಹೇಗಿರ್ತಾನಮ್ಮ?' ಎಂದು ಕೇಳಿದವರು ಉತ್ತರ ಬರುವವರೆಗೆ ಕಾಯಬೇಕಾಗುತ್ತದೆ.